ಎರಿ, ಮಸಾರಿ, ಗರಸು: ನೆಲ ಹೇಳುವ ಬೂಟಿನ ಅಳತೆ

ಹುಬ್ಬಳ್ಳಿಯಿಂದ ಅಣ್ಣಿಗೇರಿ ದಾಟಿ ಬಂದವರಿಗೆ, ಗದಗ ಇನ್ನು ಹತ್ತು ಹನ್ನೆರಡು ಕಿಲೋಮೀಟರು ಇರುವಾಗ ಸಿಗುವ ಊರು ಹುಲಕೋಟಿ. ಸಹಕಾರಿ ಧುರೀಣ ಕೆ.ಎಚ್. ಪಾಟೀಲರ ಊರು. ಸಹಕಾರಿ ನೂಲಿನ ಗಿರಣಿ, ಕೃಷಿ ವಿಜ್ಞಾನ ಕೇಂದ್ರ ಇವೆಲ್ಲ ಈ ಊರಿಗೆ ಹೆಸರು ತಂದುಕೊಟ್ಟವು. ಊರ ಸುತ್ತ ಕಣ್ಣು ಹಾಯುವವರೆಗೂ ಎರಿ ಹೊಲ: ಹತ್ತಿ, ಹೆಸರು, ಕಡಲೆ, ಬಿಳಿಜೋಳ.

ಬೆಳಗಿನ ಐದು ಗಂಟೆಗೆ ಈ ಸೀಮೆಯ ಯಾವ ರಸ್ತೆಗೆ ಬಂದರೂ ಒಂದು ನೋಟ ತಪ್ಪದು. ಹುಡುಗರು ಇಬ್ಬರು, ಮೂವರಾಗಿ ಓಡುತ್ತಿರುತ್ತಾರೆ. ಕೆಲವರ ಕಣ್ಣು ಶಾಲೆಯ ಕ್ರೀಡಾಕೂಟದ ಮೇಲೆ. ಹೆಚ್ಚಿನವರ ಕಣ್ಣು ಪೊಲೀಸ್ ಅಥವಾ ಸೇನೆಯ ನೇಮಕಾತಿಯ ಮೇಲೆ. 1,600 ಮೀಟರಿನ ಓಟ ಅಲ್ಲಿ ದಾಟಲೇಬೇಕಾದ ಬಾಗಿಲು. ವರ್ಷವೆಲ್ಲ ಓದಿದ್ದು ಆ ಕೆಲವೇ ನಿಮಿಷಗಳ ಓಟದಲ್ಲಿ ನಿಲ್ಲಬಹುದು, ಬೀಳಬಹುದು. ಹೆದ್ದಾರಿಯಲ್ಲಿ ಲಾರಿಗಳ ಭಯ. ಹಾಗಾಗಿ ಅವರು ಹೊಲದ ಚಕ್ಕಡಿ ದಾರಿಗೆ ಇಳಿಯುತ್ತಾರೆ. ತೊಂದರೆ ಶುರುವಾಗುವುದೂ ಅಲ್ಲಿಯೇ, ಕಾಲಲ್ಲಿರುವ ಬೂಟಿನಿಂದ.

ಮನೆಯವರು ಹೊಟ್ಟೆ ಬಟ್ಟೆ ಕಟ್ಟಿ ಕೊಡಿಸಿದ ಬೂಟು ಡಾಂಬರು ರಸ್ತೆಗೆಂದು ಮಾಡಿದ್ದು. ಅದು ಹೊಲದ ದಾರಿಯಲ್ಲಿ ಜಾರುತ್ತದೆ, ಮಣ್ಣು ಹೊರುತ್ತದೆ, ಪಾದ ಹೊರಳಿಸುತ್ತದೆ. ಕಣಕಾಲು ಉಳುಕಿದರೆ ವಾರಗಟ್ಟಲೆ ಅಭ್ಯಾಸ ನಿಂತಂತೆಯೇ. ಆದ್ದರಿಂದ ಬೂಟು ಕೊಳ್ಳುವ ಮೊದಲು ಅದು ತುಳಿಯಲಿರುವ ನೆಲವನ್ನು ಒಮ್ಮೆ ನಡೆದು ನೋಡುವುದು ಒಳ್ಳೆಯದು. ಹುಲಕೋಟಿಯ ಮಟ್ಟಿಗೆ ಆ ನೆಲ ಮೂರು ಬಗೆಯದು.

ಎರಿಯ ಹಿಡಿತ

ಮೊದಲನೆಯದು ಎರಿ. ಈ ಕಪ್ಪು ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜದ ವರ್ಗಕ್ಕೆ ಸೇರಿದ ಕಣಗಳು ಹೇರಳ. ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುವ ಈ ಕಣಗಳ ನಡುವೆ ನೀರು ನುಗ್ಗಿದಾಗ ಮಣ್ಣು ಉಬ್ಬುತ್ತದೆ, ಅಂಟಾಗುತ್ತದೆ. ನೀರು ಆರಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹುಲಕೋಟಿಯ ಹೊಲಗಳಲ್ಲಿ ಕೈ ಇಳಿಯುವಷ್ಟು ಬಿರುಕು ಕಾಣುವುದು ಇದರಿಂದಲೇ.

ಮಳೆಯಾದ ಮೇಲೆ ಈ ಸೀಮೆಯ ರೈತ ಹೊಲದ ಬದುವಿಗೆ ಬಂದೊಡನೆ ಕಾಲ್ಮರಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಾನೆ. ಅದರ ಹಿಂದೆ ಲೆಕ್ಕವಿದೆ. ಒದ್ದೆ ಎರಿಯಲ್ಲಿ ಹತ್ತು ಹೆಜ್ಜೆ ಇಟ್ಟರೆ ಅಟ್ಟೆಗೆ ಅರ್ಧ ಕಿಲೋ ಮಣ್ಣು ಅಂಟಿತೆಂದು ಇಟ್ಟುಕೊಳ್ಳಿ. ಒಂದು ಹೆಜ್ಜೆಗೆ ಒಂದು ಮೀಟರು ಎಂದರೆ 1,600 ಮೀಟರಿನಲ್ಲಿ ಪ್ರತಿ ಕಾಲು 800 ಸಲ ಮೇಲೇಳುತ್ತದೆ. ಅಂದರೆ ಒಂದೊಂದು ಕಾಲು ಒಟ್ಟು 400 ಕಿಲೋ ಮಣ್ಣನ್ನು ಸುಮ್ಮನೆ ಎತ್ತಿ ಇಳಿಸಿದಂತೆ. ಬೂಟಿನ ತೂಕ ತಲಾ 100 ಗ್ರಾಂ ಹೆಚ್ಚಿದರೆ ಓಡಲು ಬೇಕಾಗುವ ಶಕ್ತಿ ಸುಮಾರು ಶೇಕಡಾ 1ರಷ್ಟು ಹೆಚ್ಚುತ್ತದೆಂದು ಅಳೆದು ನೋಡಿದ್ದಾರೆ. ಮಣ್ಣಿನ ತೂಕಕ್ಕೂ ಈ ಲೆಕ್ಕ ತಪ್ಪದು.

ಬಸ್ಸಿನ ಟೈರನ್ನೂ ಟ್ರ್ಯಾಕ್ಟರಿನ ಹಿಂದಿನ ಟೈರನ್ನೂ ಒಟ್ಟಿಗೆ ನೋಡಿದವರಿಗೆ ಅಟ್ಟೆಯ ವಿಚಾರ ಬೇಗ ಹೊಳೆಯುತ್ತದೆ. ಬಸ್ಸಿನದು ಸಣ್ಣ ಗೀರುಗಳ ಟೈರು, ಗಟ್ಟಿ ರಸ್ತೆಗೆ. ಟ್ರ್ಯಾಕ್ಟರಿನದು ಎತ್ತರದ, ದೂರ ದೂರದ ಹಲ್ಲುಗಳದು. ಹಲ್ಲು ಮಣ್ಣಿಗೆ ಇಳಿದು ಹಿಡಿಯುತ್ತದೆ, ನಡುವಿನ ಜಾಗದಿಂದ ಮಣ್ಣು ಕಳಚಿ ಬೀಳುತ್ತದೆ. ಕಾಡುದಾರಿಯ ಓಟದ ಬೂಟುಗಳದ್ದೂ ಇದೇ ನಿಯಮ. ಗಟ್ಟಿ ದಾರಿಗೆ 2ರಿಂದ 3 ಮಿಲಿಮೀಟರಿನ ಹಲ್ಲು ಸಾಕು. ಮಿಶ್ರ ನೆಲಕ್ಕೆ 4ರ ಆಸುಪಾಸು. ಇಂಗ್ಲೆಂಡಿನ ಉತ್ತರದ ಒದ್ದೆ ಬೆಟ್ಟಗಳಲ್ಲಿ ಓಡುವವರು 6ರಿಂದ 8 ಮಿಲಿಮೀಟರಿನ ಹಲ್ಲು ಬಳಸುತ್ತಾರೆ.

ಹಾಗೆಂದು ಹುಲಕೋಟಿಯ ಹುಡುಗ 8 ಮಿಲಿಮೀಟರಿನ ಬೂಟು ತಂದರೆ ಒದ್ದೆ ಎರಿಯನ್ನು ಗೆಲ್ಲಲಾರ. ಅಂಟು ಜೇಡಿ ಹಲ್ಲುಗಳ ನಡುವೆ ಮೆತ್ತಿಕೊಂಡು ಅಟ್ಟೆಯನ್ನೇ ಸಪಾಟು ಮಾಡಿಬಿಡುತ್ತದೆ. ಅದೇ ಬೂಟು ಡಾಂಬರಿನ ಮೇಲೆ ತೊಡಕಾಗುತ್ತದೆ, ಹಲ್ಲುಗಳೂ ಬೇಗ ಸವೆಯುತ್ತವೆ. ಮಳೆ ಬಿದ್ದ ದಿನ ಎರಿ ದಾರಿ ಬಿಡುವುದೊಂದೇ ಉಪಾಯ. ಈ ವಿಷಯದಲ್ಲಿ ರೈತನ ವಿದ್ಯೆಯೇ ಸರಿ.

ಒಣಗಿದ ಎರಿಯದು ಬೇರೆ ಕಾಟ. ಬಿರುಕಿನ ಅಂಚು ಪಾದವನ್ನು ಹೊರಳಿಸುತ್ತದೆ. ಸುಗ್ಗಿ ಮುಗಿದ ಮೇಲೆ ನಿಲ್ಲುವ ಜೋಳದ ಕೂಳೆ, ಹತ್ತಿ ಕಟಿಗೆಯ ಮೋಟು, ಜಾಲಿ ಮುಳ್ಳು ತೆಳು ಅಟ್ಟೆಯನ್ನು ಕೇಳುವುದಿಲ್ಲ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸಿನಲ್ಲಿ ಬರಿಗಾಲಿನಲ್ಲಿ ಮ್ಯಾರಥಾನ್ ಗೆದ್ದದ್ದು ನಿಜ. ಆದರೆ 1964ರಲ್ಲಿ ಟೋಕಿಯೋದಲ್ಲಿ ಅದೇ ಓಟವನ್ನು ಮತ್ತೆ ಗೆದ್ದಾಗ ಅವನ ಕಾಲಲ್ಲಿ ಬೂಟು ಇತ್ತು. ಇಬ್ಬರು ಓಟಗಾರರ ನಡುವಿನ ವಾದ ಇದರಿಂದ ಬಗೆಹರಿಯದು. ರೋಮಿನ ಬೀದಿಯಲ್ಲಿ ಜಾಲಿ ಮುಳ್ಳು ಇರಲಿಲ್ಲ ಎಂಬುದಂತೂ ಖಂಡಿತ.

ಮಸಾರಿಯಿಂದ ಗರಸಿಗೆ

ಹುಲಕೋಟಿಯಿಂದ ಗದಗಿನ ಕಡೆಗೆ ಸಾಗಿದಂತೆ ನೆಲದ ಬಣ್ಣ ಬದಲಾಗುತ್ತದೆ. ಬಿಂಕದಕಟ್ಟಿಯ ಆಸುಪಾಸಿನಿಂದ ತಲೆಯೆತ್ತುವ ಕಪ್ಪತಗುಡ್ಡದ ಸಾಲು ಆಗ್ನೇಯಕ್ಕೆ ಹರಿದು, ಸುಮಾರು 60 ಕಿಲೋಮೀಟರು ದಾಟಿ ಸಿಂಗಟಾಲೂರಿನ ಬಳಿ ತುಂಗಭದ್ರೆಯ ದಂಡೆ ಮುಟ್ಟುತ್ತದೆ. ಗುಡ್ಡದ ಸೆರಗಿನಲ್ಲಿ ಸಿಗುವುದು ಮಸಾರಿ, ಅಂದರೆ ಕೆಂಪು ಮಣ್ಣು. ನೀರು ಇದರೊಳಗೆ ಬೇಗ ಇಳಿಯುತ್ತದೆ, ಅಂಟು ಕಡಿಮೆ. ಡಾಂಬರಿನಷ್ಟು ಗಟ್ಟಿಯೂ ಅಲ್ಲ, ಎರಿಯಷ್ಟು ಹಟಮಾರಿಯೂ ಅಲ್ಲ. ಓಟ ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ನೆಲವಿಲ್ಲ. ಸಾಧಾರಣ ಹಲ್ಲಿನ ಬೂಟು ಇಲ್ಲಿ ಧಾರಾಳ ಸಾಕು.

ಮೇಲೇರಿದರೆ ಗರಸು. ಗಟ್ಟಿ ನೆಲದ ಮೇಲೆ ಸಡಿಲವಾಗಿ ಹರಡಿದ ಸಣ್ಣ ಕಲ್ಲುಗಳು ಪಾದದಡಿ ಸೈಕಲ್ಲಿನ ಬೇರಿಂಗ್ ಗುಂಡುಗಳಂತೆ ಉರುಳುತ್ತವೆ. ಏರುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಉಗುರು ಹೋಗುತ್ತದೆ. ಓಟದಲ್ಲಿ ಪಾದ ನೆಲ ಮುಟ್ಟಿದಾಗ ಬೀಳುವ ಬಲ ದೇಹದ ತೂಕದ ಎರಡರಿಂದ ಮೂರು ಪಟ್ಟು. ಇಳಿಜಾರಿನಲ್ಲಿ ಪಾದ ಬೂಟಿನೊಳಗೆ ಮುಂದಕ್ಕೆ ಜಾರಿದರೆ ಆ ಪೆಟ್ಟು ಬೆರಳ ತುದಿಗೆ. ಗರಸಿಗೆ ಬೇಕಾದ ಬೂಟಿನ ಗುಣ ಇಷ್ಟು: ಮೃದು ರಬ್ಬರಿನ ಅಟ್ಟೆ, ಬೆರಳ ಮುಂದೆ ದಪ್ಪ ಪಟ್ಟಿ, ಅಲ್ಲಾಡದ ಹಿಮ್ಮಡಿ. ಅಟ್ಟೆ ಅತಿ ಎತ್ತರವಿದ್ದರೆ ಕಣಕಾಲು ಹೊರಳುವುದು ಸುಲಭ. ತಗ್ಗಾಗಿದ್ದರೆ ನೆಲದ ಸುಳಿವು ಪಾದಕ್ಕೆ ಬೇಗ ಸಿಗುತ್ತದೆ.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಚಿರತೆ, ತೋಳ, ಕತ್ತೆಕಿರುಬಗಳ ಮನೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ, ಮಬ್ಬುಗತ್ತಲೆಯಲ್ಲಿ, ಒಂಟಿಯಾಗಿ ಓಡುವ ಜಾಗ ಅದಲ್ಲ. ಗುಡ್ಡ ಔಷಧಿ ಸಸ್ಯಗಳಿಗೂ ಹೆಸರಾದದ್ದು. ಹೊಲದಲ್ಲಿ ಓಡಿದ ಬೂಟಿನ ಹಲ್ಲುಗಳಲ್ಲಿ ಮಣ್ಣಿನ ಜೊತೆ ಕಾಂಗ್ರೆಸ್ ಕಸದ ಬೀಜವೂ ಸೇರಿಕೊಂಡಿರಬಹುದು. ಗುಡ್ಡಕ್ಕೆ ಹೋಗುವ ಮೊದಲು ಅಟ್ಟೆ ತೊಳೆದುಕೊಂಡರೆ ಆ ಬೀಜ ಮೇಲೇರುವುದು ತಪ್ಪುತ್ತದೆ.

ಅಂಗಡಿಯಲ್ಲಿ ಹತ್ತು ನಿಮಿಷ

ಗದಗಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಬೂಟಿನಂಗಡಿಗೆ ಹೋಗಲು ಸಂಜೆಯೇ ಸರಿಯಾದ ಹೊತ್ತು. ದಿನವೆಲ್ಲ ನಡೆದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ, ಓಡುವಾಗ ಊದುವಂತೆಯೇ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಬೇಕು. ಎರಡೂ ಪಾದಗಳನ್ನು ಅಳೆಸಬೇಕು. ಅನೇಕರಿಗೆ ಒಂದು ಪಾದ ತುಸು ದೊಡ್ಡದು. ಅಳತೆ ದೊಡ್ಡ ಪಾದದ್ದು. ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಬೆರಳುಗಳು ಒಳಗೆ ಹರಡಿಕೊಳ್ಳುವಂತಿರಲಿ, ಹಿಮ್ಮಡಿ ಮೇಲೇಳದಿರಲಿ. ಅಂಗಡಿಯ ಮೆಟ್ಟಿಲು ನಾಲ್ಕು ಸಲ ಇಳಿದು ನೋಡಿದರೆ ಬೆರಳು ತಾಗುವುದೋ ಇಲ್ಲವೋ ತಿಳಿಯುತ್ತದೆ. ಬೂಟನ್ನು ಕೈಯಲ್ಲಿ ಬಗ್ಗಿಸಿದಾಗ ಬೆರಳುಗಳ ಬುಡದಲ್ಲಿ ಮಡಿಯಬೇಕು. ನಟ್ಟನಡುವೆ ಮಡಿಯುವ ಬೂಟನ್ನು ಅಲ್ಲಿಯೇ ಬಿಟ್ಟು ಬರಬಹುದು.

ಒದ್ದೆ ಪಾದದ ಗುರುತು ನೋಡಿ ಬೂಟು ಆರಿಸಬೇಕೆಂಬ ಸಲಹೆ ಹಲವು ಕಡೆ ಕೇಳಿಬರುತ್ತದೆ. ಅಮೆರಿಕದ ಸೇನೆಯಲ್ಲಿ ಹೊಸಬರಿಗೆ ಹೀಗೆ ಪಾದದ ಆಕಾರ ನೋಡಿ ಬೂಟು ಕೊಟ್ಟು ಪರೀಕ್ಷಿಸಿದಾಗ ಗಾಯಗಳೇನೂ ಕಡಿಮೆಯಾಗಲಿಲ್ಲ. ಹಾಕಿಕೊಂಡು ನಾಲ್ಕು ಹೆಜ್ಜೆ ಓಡಿದಾಗ ಹಿತವೆನಿಸುವುದೇ ಹೆಚ್ಚು ನಂಬಬಹುದಾದ ಗುರುತು.

ನೀರು ಒಳಬರದ ಒಳಪದರದ ಬೂಟಿಗೆ ಬೆಲೆ ಹೆಚ್ಚು. ಗದಗ ಸೀಮೆಯ ಬಿಸಿಲಿಗೆ ಅದು ಬೆವರಿನ ಚೀಲ. ಮೇಲಿನಿಂದ ಹಳ್ಳದ ನೀರು ನುಗ್ಗಿದರೆ ಹೊರಹೋಗಲು ದಾರಿಯೂ ಇಲ್ಲ. ಗಾಳಿಯಾಡುವ, ಒತ್ತಾದ ನೇಯ್ಗೆಯ ಬಟ್ಟೆಯೇ ಲೇಸು.

ತಂದೆತಾಯಿಗಳಿಗೆ ಹೇಳಬೇಕಾದ್ದು ಇನ್ನೊಂದಿದೆ. ಬೆಳೆಯುವ ಮಗುವೆಂದು ಎರಡು ಅಳತೆ ದೊಡ್ಡ ಬೂಟು ಕೊಡಿಸುವುದು ಉಳಿತಾಯದಂತೆ ಕಾಣುತ್ತದೆ. ಬಟ್ಟೆಗೆ ಅದು ನಡೆಯುತ್ತದೆ, ಬೂಟಿಗೆ ನಡೆಯದು. ಸಡಿಲ ಬೂಟು ಪಾದವನ್ನು ಉಜ್ಜಿ ಬೊಬ್ಬೆ ಎಬ್ಬಿಸುತ್ತದೆ, ಕಲ್ಲಿನ ಮೇಲೆ ಎಡವಿಸುತ್ತದೆ. ಒಂದೇ ಜೊತೆ ಕೊಳ್ಳಬಲ್ಲ ಮನೆಗೆ ನಡುವಿನ ದಾರಿಯೇ ಸರಿ: 3–4 ಮಿಲಿಮೀಟರಿನ, ದೂರ ದೂರದ ಹಲ್ಲುಗಳ ಬೂಟು. ಅದು ಡಾಂಬರನ್ನೂ ಸಹಿಸುತ್ತದೆ, ಒಣ ಎರಿ, ಮಸಾರಿ, ಗರಸುಗಳಿಗೂ ಒಗ್ಗುತ್ತದೆ. ಹೊಸ ಬೂಟಿಗೆ ಪಾದ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಪರೀಕ್ಷೆಯ ಹಿಂದಿನ ದಿನ ಹೊಸ ಬೂಟು ತರುವುದು ಬೇಡ.

ಬೂಟಿನ ಆಯುಷ್ಯ

ಓಟದ ಬೂಟಿನ ನಡುವಿನ ಮೆತ್ತೆ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರಿಗೆ ಸೋಲುತ್ತದೆ. ದಿನಕ್ಕೆ 5 ಕಿಲೋಮೀಟರಿನಂತೆ ವಾರಕ್ಕೆ ಆರು ದಿನ ಓಡುವ ಹುಡುಗನಿಗೆ ಅದು ನಾಲ್ಕರಿಂದ ಆರು ತಿಂಗಳು. ಕೆಸರಾದ ಬೂಟನ್ನು ತೊಳೆದು, ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸಬೇಕು. ಒಲೆಯ ಪಕ್ಕ, ಸುಡುವ ಬಿಸಿಲಲ್ಲಿ ಇಟ್ಟರೆ ಅಂಟು ಬಿಡುತ್ತದೆ. ಅಂಚು ಬಿಟ್ಟುಕೊಂಡರೆ ಹೊಲಿಸಬಹುದು. ಮೆತ್ತೆ ಸತ್ತರೆ ಮಾತ್ರ ಯಾವ ಹೊಲಿಗೆಯೂ ಅದನ್ನು ಎಬ್ಬಿಸಲಾರದು. ಮೊಣಕಾಲ ಕೆಳಗಿನ ಎಲುಬಿನಲ್ಲಿ ಹೊಸದಾಗಿ ನೋವು ಕಂಡರೆ ಓಟ ನಿಲ್ಲಿಸಿ ಮೊದಲು ಬೂಟು ನೋಡಬೇಕು. ನೋವು ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು.

ಹೊತ್ತು ಏರುವಷ್ಟರಲ್ಲಿ ಹುಡುಗರು ಊರಿಗೆ ಮರಳಿ, ಬೂಟು ಬಿಚ್ಚಿ ಕಟ್ಟೆಗೆ ಬಡಿಯುತ್ತಾರೆ. ಕರಿ ಹೆಂಟೆ, ಕೆಂಪು ಧೂಳು, ಒಂದೆರಡು ಗರಸಿನ ಹರಳು ಉದುರುತ್ತವೆ. ಮುಂದಿನ ಸಲ ಅಂಗಡಿಯ ಬಾಗಿಲಲ್ಲಿ ನಿಂತಾಗ ಬಣ್ಣ, ಹೆಸರು, ಬೆಲೆಗಳಿಗಿಂತ ಮೊದಲು ನೆನಪಿಗೆ ಬರಬೇಕಾದದ್ದು ಕಟ್ಟೆಯ ಕೆಳಗೆ ಬಿದ್ದ ಆ ಹಿಡಿ ಮಣ್ಣು.