ಐಮಂಗಲದ ಅಟ್ಟದಲ್ಲಿ ಪುಣ್ಯಕೋಟಿ

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸಾಗುವ ಹೆದ್ದಾರಿಯ ಬದಿಯ ಐಮಂಗಲವನ್ನು ಹಲವರು ಅಲ್ಲಿಯ ಪೊಲೀಸ್ ತರಬೇತಿ ಶಾಲೆಯಿಂದಲೇ ಬಲ್ಲರು. ಕಳೆದ ಬೇಸಿಗೆಯಲ್ಲಿ ನಾವು ಅಲ್ಲಿಗೆ ಹೋದದ್ದು ಬೇರೊಂದು ಕಾರ್ಯಕ್ಕಾಗಿ. ಪ್ರಾಣಿಪಕ್ಷಿಗಳೇ ಪಾತ್ರಗಳಾಗಿರುವ ಹಳೆಯ ಸಚಿತ್ರ ಮಕ್ಕಳ ಪುಸ್ತಕಗಳನ್ನು ಕೂಡಿಡುವುದು ನಮ್ಮ ಬಹುಕಾಲದ ಹವ್ಯಾಸ. ಬಂಧುಗಳ ಮನೆಯ ಅಟ್ಟದಲ್ಲಿ ಅಂಥ ಪುಸ್ತಕಗಳ ಟ್ರಂಕೊಂದು ಇದೆಯೆಂದು ಕೇಳಿದ್ದೆವು.

ಈ ಹವ್ಯಾಸವನ್ನು ಕಂಡು ನಗುವವರುಂಟು. ಆದರೆ ಪ್ರಾಣಿಗಳ ಬಾಯಿಂದ ನೀತಿ ಹೇಳಿಸುವ ಪರಂಪರೆ ಕನ್ನಡದಲ್ಲಿ 11ನೇ ಶತಮಾನದ ದುರ್ಗಸಿಂಹನ ಪಂಚತಂತ್ರದಷ್ಟು ಹಳೆಯದು. ಪಂಜೆ ಮಂಗೇಶರಾಯರು (1874–1937) ಇಲಿ, ಕಾಗೆ, ಹೇನುಗಳನ್ನೂ ಮಕ್ಕಳ ಗೆಳೆಯರನ್ನಾಗಿಸಿದರು. 1960ರಲ್ಲಿ ಆರಂಭವಾದ ನವಕರ್ನಾಟಕ ಪ್ರಕಾಶನವು, ಸೋವಿಯತ್ ದೇಶದಲ್ಲಿ ಕನ್ನಡದಲ್ಲಿಯೇ ಅಚ್ಚಾದ ಬಣ್ಣಬಣ್ಣದ ಪುಸ್ತಕಗಳನ್ನು ಅಲ್ಪ ಬೆಲೆಗೆ ನಮ್ಮ ನಾಡಿನ ಮಕ್ಕಳಿಗೆ ತಲುಪಿಸಿತು. 1991ರಲ್ಲಿ ಆ ಒಕ್ಕೂಟ ಒಡೆಯಿತು. ಪುಸ್ತಕಗಳು ಬರುವುದೂ ನಿಂತಿತು. ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ 1901ರಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದ ಮೊಲದ ಕಥೆಯ 250 ಪ್ರತಿಗಳಿಗೆ ಇಂದು ಸಂಗ್ರಾಹಕರು ಅಪಾರ ಬೆಲೆ ತೆರುತ್ತಾರೆ. ನಮ್ಮ ಪುಸ್ತಕಗಳೋ ಗುಜರಿಯವನ ತಕ್ಕಡಿ ಸೇರುತ್ತಿವೆ.

ಪೂಜೆ, ಪ್ರಸಾದಗಳು ಮುಗಿದ ಮೇಲೆ ಟ್ರಂಕು ಕೆಳಗಿಳಿಯಿತು. ಬಹಳಷ್ಟು ಗೆದ್ದಲಿನ ಪಾಲಾಗಿತ್ತು. ಉಳಿದವುಗಳಲ್ಲಿ ರಟ್ಟು ಕಳೆದುಕೊಂಡ ಒಂದು ಸಚಿತ್ರ ಗೋವಿನ ಹಾಡು ಇತ್ತು. ಪುಟ ತಿರುವಿದೆವು. ಕರುವಿಗೆ ಹಾಲೂಡಿಸುವ ಪುಣ್ಯಕೋಟಿಯ ಚಿತ್ರ ಮಾಸಿರಲಿಲ್ಲ. ಆದರೆ ಹುಲಿಯ ಮುಖವನ್ನು ಯಾರೋ ಮೊಳೆಯಿಂದ ಗೀರಿ ಹರಿದಿದ್ದರು. “ಅಯ್ಯೋ, ಚಿತ್ರ ಕೆಟ್ಟುಹೋಗಿದೆಯಲ್ಲ!” ಎಂದು ಉದ್ಗರಿಸಿದೆವು.

ಮನೆಯ ಹಿರಿಯ ತಾಯಿ ಪುಸ್ತಕವನ್ನು ಕೈಗೆ ತೆಗೆದುಕೊಂಡರು. “ಇದನ್ನು ಗೀರಿದವನು ನನ್ನ ಹಿರೀ ಮಗ. ಆಗ ಅವನಿಗೆ ಐದು ವರ್ಷ. ಹಸುವನ್ನು ತಡೆದ ಹುಲಿಯ ಮೇಲೆ ಅಷ್ಟು ಸಿಟ್ಟು ಅವನಿಗೆ. ಅವನು ಲಿಂಗೈಕ್ಯನಾಗಿ ಹನ್ನೆರಡು ವರ್ಷವಾಯಿತಪ್ಪ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ನಿಮಗೆ ಬೇಕಿದ್ದರೆ ತೆಗೆದುಕೊಂಡು ಹೋಗಿ. ಇಲ್ಲಿದ್ದರೆ ಹುಳ ತಿನ್ನುತ್ತದೆ” ಎಂದೂ ಹೇಳಿದರು.

ಆ ಪುಸ್ತಕಕ್ಕಾಗಿಯೇ ಬಸ್ಸು ಹತ್ತಿ ಬಂದಿದ್ದ ನಮಗೆ ಕೈ ಮುಂದೆ ಬರಲಿಲ್ಲ. ನಾವು ದೋಷವೆಂದು ಎಣಿಸಿದ್ದು ಒಂದು ಮಗುವಿನ ನ್ಯಾಯಬುದ್ಧಿಯಾಗಿತ್ತು. ನಮ್ಮ ಕಪಾಟಿನಲ್ಲಿ ಅದು ಒಂದು ಹರಿದ ಪ್ರತಿ. ಆ ಮನೆಯಲ್ಲಿ ಮಗನ ಕೈಬರಹ.

ಪುಟಪುಟವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡೆವು. ಧೂಳು ಕೊಡವಿ, ನೆರಳಿನಲ್ಲಿ ಒಣಗಿಸಿದ ಬೇವಿನೆಲೆಯೊಡನೆ ಪುಸ್ತಕವನ್ನು ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿ, ಅಟ್ಟಕ್ಕೇರಿಸದೆ ಗೋಡೆಯಿಂದ ದೂರವಾಗಿ ಗಾಳಿಯಾಡುವ ಕಡೆ ಇರಿಸಿದೆವು. ಹೊರಡುವಾಗ ಮೊಮ್ಮಗಳು ಗಂಟು ಬಿಚ್ಚಿ ಅಜ್ಜಿಗೆ ಓದಿಹೇಳುತ್ತಿದ್ದಳು. ಮಾತಿಗೆ ತಪ್ಪದೆ ಮರಳಿದ ಹಸುವನ್ನು ಕಂಡು ಹುಲಿಯೇ ಪ್ರಾಣ ಬಿಟ್ಟ ಭಾಗ ಬಂದಾಗ, “ಹಾಗಾದರೆ ಹುಲಿಯೂ ಒಳ್ಳೆಯದೇ ಅಲ್ಲವೇ ಅಜ್ಜಿ? ಅಪ್ಪನಿಗೆ ಗೊತ್ತಿರಲಿಲ್ಲವೇ?” ಎಂದಳು.

ಬರಿಗೈಯಲ್ಲಿ ಬಸ್ಸು ಹತ್ತಿದೆವು, ಖೇದವೆನಿಸಲಿಲ್ಲ. ಓದುಗ ಬಂಧುಗಳೇ, ತಮ್ಮ ಮನೆಯ ಅಟ್ಟದಲ್ಲಿಯೂ ಇಂಥದೊಂದು ಟ್ರಂಕು ಇದ್ದೀತು. ಗುಜರಿಯವನು ಬರುವ ಮುನ್ನ ಒಮ್ಮೆ ಇಳಿಸಿ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ತೆರೆದು ನೋಡಿರಿ.