ಬೆಕ್ಕಿನ ಬಟ್ಟಲು, ಟಿಟ್ಟಿಭದ ಮೊಟ್ಟೆ

ಸಂಸ್ಕೃತ ಕಲಿಯಲೆಂದು ಮಠ ಸೇರಿದ ಹುಡುಗರ ಕೈಗೆ ಮೊದಮೊದಲು ಕೊಡುತ್ತಿದ್ದ ಗ್ರಂಥಗಳಲ್ಲಿ ಹಿತೋಪದೇಶವೂ ಒಂದು. ಅದರಲ್ಲಿ ದೀರ್ಘಕರ್ಣನೆಂಬ ಬೆಕ್ಕಿನ ಕಥೆ ಬರುತ್ತದೆ. ಭಾಗೀರಥಿಯ ತೀರದ ಮರವೊಂದರ ಪೊಟರೆಯಲ್ಲಿ ಜರದ್ಗವನೆಂಬ ಕುರುಡು ರಣಹದ್ದು ವಾಸವಾಗಿತ್ತು. ಮರದ ಹಕ್ಕಿಗಳು ತಮ್ಮ ಆಹಾರದಲ್ಲಿ ಅದಕ್ಕೆ ಪಾಲು ಕೊಡುತ್ತಿದ್ದವು. ಚಾಂದ್ರಾಯಣ ವ್ರತ ಹಿಡಿದಿರುವೆನೆಂದು ನಂಬಿಸಿ ಒಳಸೇರಿದ ಬೆಕ್ಕು ಹಕ್ಕಿಯ ಮರಿಗಳನ್ನು ತಿಂದು ಓಡಿಹೋಯಿತು. ಪೊಟರೆಯಲ್ಲಿ ಎಲುಬು ಕಂಡ ಹಕ್ಕಿಗಳು ನಿರಪರಾಧಿಯಾದ ಹದ್ದನ್ನು ಕೊಂದವು. ಈ ಕಥೆಯನ್ನು ನಾವು ಎಷ್ಟು ಸಲ ಪಾಠ ಹೇಳಿದ್ದೇವೆಯೋ ಲೆಕ್ಕವಿಲ್ಲ. ಕಥೆಗಾರನು ಬೆಕ್ಕಿಗೆ ಅನ್ಯಾಯ ಮಾಡಿದ್ದಾನೆಂದೇ ನಮ್ಮ ಅಭಿಪ್ರಾಯ. ವ್ರತ ಹಿಡಿಯುವುದೂ ಮುರಿಯುವುದೂ ಮನುಷ್ಯನ ವ್ಯಾಪಾರ. ಬೆಕ್ಕಿನ ದೇಹಧರ್ಮವೇ ಬೇರೆ.

ಈ ಮಾತು ನಮಗೆ ಪ್ರತ್ಯಕ್ಷವಾದುದು ಕಳೆದ ಫಾಲ್ಗುಣ ಮಾಸದ ಒಂದು ಭಾನುವಾರ. ಕೋಲಾರ ಪಟ್ಟಣದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಹಳೆಯ ಮನೆಯ ಹಿತ್ತಿಲಿಗೆ ಜಾಲರಿ ಹೊಡೆಸಿ, ದಿಕ್ಕಿಲ್ಲದ ಬೆಕ್ಕುಗಳಿಗೆ ಆಶ್ರಯ ಕೊಟ್ಟಿದ್ದಾರೆ. ರಜೆಯ ದಿನಗಳಲ್ಲಿ ಕಾಲೇಜಿನ ಹುಡುಗ ಹುಡುಗಿಯರು ಬಂದು ಸೇವೆ ಮಾಡುತ್ತಾರೆ. ಅವರ ಜೊತೆ ಒಂದು ದಿನ ಕೈಗೂಡಿಸಲು ನಾವೂ ಹೋದೆವು. ಅಂದು ಅಲ್ಲಿ 23 ಬೆಕ್ಕುಗಳಿದ್ದವು. ಶ್ರೀನಿವಾಸಪುರದ ಮಾವಿನ ಮಂಡಿಯ ಬಳಿ ಯಾರೋ ಚೀಲದಲ್ಲಿ ಕಟ್ಟಿ ಬಿಟ್ಟುಹೋದ ಮರಿಗಳು, ಮುಳಬಾಗಿಲಿನ ಹೆದ್ದಾರಿಯಲ್ಲಿ ಕಾಲು ಮುರಿದುಕೊಂಡ ಗಂಡು ಬೆಕ್ಕು, ಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತ ಒಂದು ಬಿಳಿಯ ಹೆಣ್ಣು. ಗೂಡುಗಳ ಮರಳು ಬದಲಾಯಿಸುವುದು, ನೆಲ ತೊಳೆಯುವುದು, ಹಾಸಿದ ಗೋಣಿಗಳನ್ನು ಬಿಸಿಲಿಗೆ ಹಾಕುವುದು ನಮ್ಮ ಪಾಲಿಗೆ ಬಂದವು. ನಮ್ಮ ವಯಸ್ಸಿಗೆ ಸೊಂಟ ನೋಯುವ ಕೆಲಸವೇ ಸರಿ.

ಹತ್ತು ಗಂಟೆಗೆ ಆ ತಾಯಿ ಬೇಯಿಸಿದ ಮೀನಿನ ಬಟ್ಟಲು ಹಿಡಿದು ಬಂದರು. "ಪಂಡಿತರೇ, ಇದನ್ನು ನೀವು ಮುಟ್ಟಬೇಕಾಗಿಲ್ಲ, ಹುಡುಗರು ಇಡುತ್ತಾರೆ" ಎಂದರು. ಅವರೂ ಶಾಕಾಹಾರಿಗಳೇ. "ತಾಯೀ, ಹಾಲು ಅನ್ನ ಸಾಲದೆ?" ಎಂದು ಕೇಳಿದೆವು. ಅವರು ಉತ್ತರ ಕೊಡದೆ ಆ ಬಿಳಿಯ ಬೆಕ್ಕನ್ನು ಎತ್ತಿ ತಂದು ನಮ್ಮ ಮಡಿಲಲ್ಲಿಟ್ಟರು. ಮಾಲೂರಿನ ಒಂದು ಮನೆಯಲ್ಲಿ ಅದನ್ನು ಹೊರಗೆ ಬಿಡದೆ, ಹಾಲು ಅನ್ನದಲ್ಲಿಯೇ, ಬಹಳ ಪ್ರೀತಿಯಿಂದ ಸಾಕಿದ್ದರಂತೆ. ಕಣ್ಣು ಹೋಗಿದೆ.

ಟಾರಿನ್ ಎಂಬ ಸತ್ವವನ್ನು ಮನುಷ್ಯದೇಹ ತಾನೇ ತಯಾರಿಸಿಕೊಳ್ಳಬಲ್ಲದು. ಬೆಕ್ಕಿನ ದೇಹಕ್ಕೆ ಸಾಕಷ್ಟು ತಯಾರಿಸಿಕೊಳ್ಳುವ ಶಕ್ತಿಯಿಲ್ಲ. ಅದು ಮಾಂಸ ಮೀನುಗಳಲ್ಲಿದೆ, ಅನ್ನದಲ್ಲಿಲ್ಲ. ಅದರ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಕ್ಷಯಿಸುವುದೆಂದು 1975ರಲ್ಲಿಯೂ, ಹೃದಯ ಹಿಗ್ಗಿ ದುರ್ಬಲವಾಗುವುದೆಂದು 1987ರಲ್ಲಿಯೂ ವಿಜ್ಞಾನಿಗಳು ಪ್ರಕಟಿಸಿದರು. ನಮ್ಮ ಮನೆಗಳಲ್ಲಿ ಹಾಲು ಅನ್ನ ತಿಂದ ಬೆಕ್ಕುಗಳು ಚೆನ್ನಾಗಿಯೇ ಬದುಕಿದುವಲ್ಲ ಎಂದು ಓದುಗರು ಕೇಳಬಹುದು. ಉಳಿದ ಊಟವನ್ನು ಅವು ಹೊರಗೆ ಮಾಡಿಕೊಂಡು ಬರುತ್ತಿದ್ದವು. ಇಲಿ ಹಿಡಿದಾಗ ನಾವು ಸಂತೋಷಪಟ್ಟೆವು. ಗುಬ್ಬಿ, ಪಿಕಳಾರಗಳನ್ನು ಹಿಡಿದುದು ನಮಗೆ ಕಾಣಲಿಲ್ಲ. ಬಟ್ಟಲನ್ನು ನಾವೇ ತೆಗೆದುಕೊಂಡು ಆ ಕುರುಡು ಬೆಕ್ಕಿನ ಮುಂದಿಟ್ಟೆವು. ಮನಸ್ಸು ಅಳುಕಲಿಲ್ಲವೆಂದರೆ ಸುಳ್ಳಾದೀತು.

ಸಂಜೆ ಹುಡುಗರು ಹಕ್ಕಿ ನೋಡಲು ನರಸಾಪುರದ ಕೆರೆಗೆ ಹೊರಟರು, ನಮ್ಮನ್ನೂ ಕರೆದರು. ಜೀವನದಿಯಿಲ್ಲದ ಜಿಲ್ಲೆ ಇದು. ಕೆರೆಗಳು ಬತ್ತಿ ಜಾಲಿ ಬೆಳೆದುದನ್ನು ಎಷ್ಟೋ ವರ್ಷ ನೋಡಿದ್ದೇವೆ. 2018ರಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂದು, ಕೆರೆಯಿಂದ ಕೆರೆಗೆ ಹರಿಯಿತು. ದಿನಕ್ಕೆ 44 ಕೋಟಿ ಲೀಟರಿನಂತೆ 126 ಕೆರೆಗಳನ್ನು ತುಂಬಿಸುವ ಯೋಜನೆಯದು. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂಬ ರೈತರ ಬೇಡಿಕೆ ನ್ಯಾಯವಾದುದೇ. ಹಕ್ಕಿಗಳು ಮಾತ್ರ ಆ ತೀರ್ಮಾನಕ್ಕೆ ಕಾಯಲಿಲ್ಲ. ನಾಮಕೋಳಿ, ಗುಳುಮುಳುಕ, ನೀರುಕಾಗೆ, ಬೆಳ್ಳಕ್ಕಿಗಳನ್ನು ಹುಡುಗರು ಒಂದೊಂದಾಗಿ ದುರ್ಬೀನಿನಲ್ಲಿ ತೋರಿಸಿದರು.

ಏರಿಯ ಕೆಳಗಿನ ಬಯಲಿನಲ್ಲಿ ಜೋಡಿ ಟಿಟ್ಟಿಭಗಳು ಕೂಗಿ ನಮ್ಮ ತಲೆಯ ಮೇಲೆಯೇ ಎರಗತೊಡಗಿದವು. ಮುಳಬಾಗಿಲಿನ ಹುಡುಗಿಯೊಬ್ಬಳು, "ತಾತ, ಅಲ್ಲೇ ನಿಲ್ಲಿ" ಎಂದು ನಮ್ಮ ಕಾಲಿನಿಂದ ಎರಡು ಮಾರು ದೂರಕ್ಕೆ ಬೆರಳು ಮಾಡಿದಳು. ಗೂಡಿಲ್ಲ, ನೆಲದಲ್ಲಿ ಒಂದು ತಗ್ಗು, ಸುತ್ತ ಸಣ್ಣ ಕಲ್ಲು, ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆ. ಸಮುದ್ರವು ಟಿಟ್ಟಿಭದ ಮೊಟ್ಟೆಗಳನ್ನು ಅಪಹರಿಸಿದ ಪಂಚತಂತ್ರದ ಕಥೆಯನ್ನೂ ನಾವು ಪಾಠ ಹೇಳಿದವರೇ; ಮೊಟ್ಟೆಯನ್ನು ಕಂಡುದು ಅಂದೇ ಮೊದಲು. ಸಮೀಪದ ಒದ್ದೆ ಮಣ್ಣಿನಲ್ಲಿ ದುಂಡಗಿನ ಹೆಜ್ಜೆಗಳಿದ್ದವು. ನಾಯಿಯದಾದರೆ ಉಗುರಿನ ಗುರುತು ಇರುತ್ತದೆ, ಬೆಕ್ಕು ಉಗುರನ್ನು ಒಳಗೆಳೆದುಕೊಂಡು ನಡೆಯುತ್ತದೆ ಎಂದು ಅವಳೇ ವಿವರಿಸಿದಳು. ಇಲ್ಲಿ ಉಗುರಿನ ಗುರುತಿರಲಿಲ್ಲ.

ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ 1894ರಲ್ಲಿ ದೀಪಸ್ತಂಭ ಕಟ್ಟಿ, ಜನರೊಡನೆ ಬೆಕ್ಕೂ ಬಂದು ಸೇರಿದ ಕೆಲವೇ ವರ್ಷಗಳಲ್ಲಿ, ಹಾರಲಾರದ ಪುಟ್ಟ ಹಕ್ಕಿಯೊಂದರ ಕುಲವೇ ಅಲ್ಲಿ ಅಳಿದುಹೋಯಿತು. ಬೆಕ್ಕು ಹೆರಲು ಒಂಬತ್ತು ವಾರ ಸಾಕು. ಆರು ತಿಂಗಳು ತುಂಬುವ ಮೊದಲೇ ಮರಿಯು ಗರ್ಭ ಧರಿಸಬಲ್ಲದು. ಆದುದರಿಂದ ಬೀದಿಯಲ್ಲಿ ಹಾಲೆರೆದು ಮುಂದೆ ಹೋಗುವ ದಯೆಯನ್ನು ನಾವು ಅರ್ಧ ದಯೆಯೆಂದೇ ಎಣಿಸುತ್ತೇವೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು, ಒಳಗಿಟ್ಟು ಸಾಕಬೇಕು. ಒಳಗಿಟ್ಟ ಮೇಲೆ ಅದರ ಆಹಾರವನ್ನು ಅದಕ್ಕೆ ಕೊಡಬೇಕು. ನಮ್ಮಂಥ ಮನೆತನಗಳಿಗೆ ಕಠಿನವಾದುದು ಈ ಕೊನೆಯದೇ.

ನಾವಿರುವ ವಿದ್ಯಾರ್ಥಿನಿಲಯದ ಉಗ್ರಾಣದಲ್ಲಿ ಇಲಿಗಳ ಸಲುವಾಗಿ ಇಟ್ಟುಕೊಂಡ ನಾಲ್ಕು ಬೆಕ್ಕುಗಳಿವೆ. ಪಶುವೈದ್ಯರನ್ನು ಕಂಡು ನಾಲ್ಕಕ್ಕೂ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಕಿಟಕಿಗೆ ಜಾಲರಿ ಬಂದಿದೆ. ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರದಲ್ಲಿ ಏನಿದೆಯೆಂದು ಅಡುಗೆಯ ಹಿರಿಯರು ಕೇಳಿದರು, ಮುಚ್ಚಿಡದೆ ಹೇಳಿದೆವು. ಅದು ಅಡುಗೆಮನೆಯ ಹೊಸ್ತಿಲು ದಾಟಕೂಡದೆಂದು ಅವರು, ಆಗಲೆಂದು ನಾವು. ಹಿತ್ತಿಲ ನಲ್ಲಿಯ ಬಳಿ ಅದಕ್ಕೊಂದು ಬೇರೆ ಡಬ್ಬ, ಬೇರೆ ಬಟ್ಟಲುಗಳು ಇವೆ. ಬೆಳಿಗ್ಗೆ ಪೂಜೆಗೆ ಮೊದಲು, ಸಂಜೆ ಪಾಠ ಮುಗಿದ ಮೇಲೆ, ಅವನ್ನು ತುಂಬುವುದೂ ತೊಳೆಯುವುದೂ ಸದ್ಯಕ್ಕೆ ನಮ್ಮದೇ ಕೆಲಸ.