ದಿಗ್ವ್ರತ ಮತ್ತು ಪ್ರಯಾಣದ ಪೆಟ್ಟಿಗೆ

ಕಾರ್ಕಳದ ಗೇರುಬೀಜದ ವರ್ತಕರೊಬ್ಬರ ಮನೆಯ ಚಾವಡಿಯಲ್ಲಿ 2025ರ ಜನವರಿ ತಿಂಗಳ ಕೊನೆಯ ವಾರವಿಡೀ ಒಂದು ದೊಡ್ಡ ಪೆಟ್ಟಿಗೆ ಬಾಯಿ ತೆರೆದುಕೊಂಡೇ ಇತ್ತು. ವಿಯೆಟ್ನಾಂ, ಕಾಂಬೋಡಿಯ, ಜಪಾನ್ ದೇಶಗಳಲ್ಲಿ 55 ದಿನಗಳ ವ್ಯಾಪಾರ ಪ್ರವಾಸಕ್ಕೆ ಸಿದ್ಧತೆ ನಡೆದಿತ್ತು. ಕರಾವಳಿಯ ಕಾರ್ಖಾನೆಗಳಿಗೆ ಊರಿನ ಬೀಜ ವರ್ಷವಿಡೀ ಸಾಲದು. ಆಫ್ರಿಕದ ದೇಶಗಳಿಂದ ಕಚ್ಚಾ ಬೀಜ ತರಿಸುವುದು ಬಹುಕಾಲದಿಂದ ನಡೆದುಬಂದ ಕ್ರಮ. ಈ ಸಲ ಕಾಂಬೋಡಿಯದ ಕಂಪೊಂಗ್ ಥೋಮ್ ಪ್ರಾಂತದ ಬೀಜವನ್ನು ಪರೀಕ್ಷಿಸುವುದು, ವಿಯೆಟ್ನಾಮಿನ ಒಡೆಯುವ ಯಂತ್ರಗಳನ್ನು ನೋಡುವುದು, ಕೋಬೆ ಮತ್ತು ಒಸಾಕಾ ನಗರಗಳಲ್ಲಿ ತಿರುಳಿನ ಗಿರಾಕಿಗಳನ್ನು ಕಾಣುವುದು ಎಂದು ನಿಶ್ಚಯವಾಗಿತ್ತು. ಹೊರಡಬೇಕಾಗಿದ್ದವರು ಮನೆಯ ಯಜಮಾನರೇ. ಹಿಡಿ ಬೀಜವನ್ನು ಅಂಗೈಯಲ್ಲಿ ಕುಲುಕಿ ಒಳಗಿನ ತಿರುಳಿನ ಅಂದಾಜು ಹೇಳಬಲ್ಲ ಅನುಭವ ಅವರದು.

ಟಿಕೇಟು ಕಾದಿರಿಸುವ ಹಿಂದಿನ ದಿನ ಅವರ ಧರ್ಮಪತ್ನಿ ಒಂದೇ ಮಾತು ಕೇಳಿದರು: “ಬೆಳಗೊಳದಲ್ಲಿ ತೆಗೆದುಕೊಂಡ ವ್ರತ ನೆನಪಿದೆಯಲ್ಲ?”

ನೆನಪಿರಲಿಲ್ಲ. 2006ರ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ಮುನಿಗಳೊಬ್ಬರ ಸಾನ್ನಿಧ್ಯದಲ್ಲಿ ಅವರು ಯಾವಜ್ಜೀವ ದಿಗ್ವ್ರತ ಸ್ವೀಕರಿಸಿದ್ದರು. ಪೂರ್ವಕ್ಕೆ ಸಮ್ಮೇದಶಿಖರಜಿ, ಪಶ್ಚಿಮಕ್ಕೆ ಗಿರಿನಾರ್, ದಕ್ಷಿಣಕ್ಕೆ ಕನ್ಯಾಕುಮಾರಿ, ಉತ್ತರಕ್ಕೆ ಹಸ್ತಿನಾಪುರ ಎಂದು ಗಡಿ. ಸಮುದ್ರ, ನದಿ, ಅಡವಿ, ಪರ್ವತ, ಜನಪದಗಳನ್ನು ಗಡಿಗುರುತಾಗಿ ಇಟ್ಟುಕೊಳ್ಳಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿರುವುದನ್ನು ಅನುಸರಿಸಿ ತೀರ್ಥಕ್ಷೇತ್ರಗಳನ್ನೇ ಎಲ್ಲೆಯಾಗಿ ಆರಿಸಿಕೊಂಡಿದ್ದರು. ಇಟ್ಟ ಗಡಿಯನ್ನು ಮರೆಯುವುದೂ ಒಂದು ಅತಿಚಾರವೇ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಿಗ್ವ್ರತದ ಐದು ಅತಿಚಾರಗಳ ಪೈಕಿ ಸ್ಮೃತ್ಯಂತರಾಧಾನವೆಂಬುದು ಕೊನೆಯದು.

ಸಂಜೆ ಬಸದಿಯಲ್ಲಿ ಸಿಕ್ಕ ಹಿರಿಯ ಮಿತ್ರರು ಒಂದು ಉಪಾಯ ಹೇಳಿದರು. ಗಿರಿನಾರಿಗೆ ಇನ್ನು ಹೋಗುವುದಿಲ್ಲವೆಂದಾದರೆ ಪಶ್ಚಿಮದ ಗಡಿಯನ್ನು ಗೋವೆಯವರೆಗೆ ಹಿಂದಕ್ಕೆ ತಂದು, ಉಳಿದ ದೂರವನ್ನು ಪೂರ್ವಕ್ಕೆ ಸೇರಿಸಬಹುದಲ್ಲ? ಲೆಕ್ಕಪತ್ರದಲ್ಲಿ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ವರ್ಗಾಯಿಸಿದ ಹಾಗೆ. ದುರ್ದೈವದಿಂದ ಇದಕ್ಕೂ ಆಚಾರ್ಯರು ಹೆಸರಿಟ್ಟಿದ್ದಾರೆ. ಅದು ಕ್ಷೇತ್ರವೃದ್ಧಿ, ನಾಲ್ಕನೆಯ ಅತಿಚಾರ. ವರ್ತಕರ ಮನಸ್ಸು ಎತ್ತ ಹರಿಯುತ್ತದೆಂಬುದನ್ನು ಅವರು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು!

ಆದುದರಿಂದ ಯಜಮಾನರು ಹೋಗದೆ ಮಗ ಹೊರಡುವುದೆಂದಾಯಿತು. ಮಗನಿಗೆ ದಿಗ್ವ್ರತವಿಲ್ಲ, ರಾತ್ರಿಭೋಜನ, ಕಂದಮೂಲ, ನೀರುಳ್ಳಿ, ಬೆಳ್ಳುಳ್ಳಿಗಳ ತ್ಯಾಗ ಮಾತ್ರ ಉಂಟು. ಪೆಟ್ಟಿಗೆ ತುಂಬುವ ಹೊಣೆಯನ್ನು ತಂದೆ ತಾವೇ ವಹಿಸಿಕೊಂಡರು.

ಮೊದಲ ಸಮಸ್ಯೆ ಆಹಾರದ್ದು. ತಾಯಿ ಗೋಧಿಹಿಟ್ಟು, ಹುರಿಹಿಟ್ಟುಗಳನ್ನು ಸಿದ್ಧಪಡಿಸಿದ್ದರು. ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಏಳು ದಿನ ಮರ್ಯಾದೆಯೆಂದು ತಂದೆ ನೆನಪಿಸಿದಾಗ ಅವರು, “ಅವನು ವ್ರತಿಯಲ್ಲ, ಆದರೆ ಅವನಿಗೆ ಹಸಿವೆ ಉಂಟು” ಎಂದರು. ಕೊನೆಗೆ ಹಿಟ್ಟನ್ನು ಬಿಟ್ಟು ಇಡೀ ಹೆಸರುಕಾಳು, ಅಕ್ಕಿ ಮತ್ತು ಸಣ್ಣ ವಿದ್ಯುತ್ ಕುಕ್ಕರ್ ಇಡಲಾಯಿತು. ಇವು ಮೊದಲ ಎರಡು ದೇಶಗಳಿಗೆ ಮಾತ್ರ. ಪ್ರಮಾಣಪತ್ರವಿಲ್ಲದೆ ಹಸಿ ಧಾನ್ಯ, ಕಾಳುಗಳನ್ನು ಜಪಾನಿಗೆ ಒಯ್ಯುವಂತಿಲ್ಲ. ಅಲ್ಲಿನ ವಿದ್ಯುತ್ತು 100 ವೋಲ್ಟಿನದಾದುದರಿಂದ ನಮ್ಮ ಕುಕ್ಕರ್ ನೀರನ್ನು ಬೆಚ್ಚಗೆ ಮಾಡುವುದೂ ಸಂಶಯ. ಅಲ್ಲಿ ಅನ್ನವನ್ನು ಕೊಂಡು, ತುಪ್ಪ ಮತ್ತು ಚಟ್ನಿಪುಡಿಯೊಂದಿಗೆ ಉಣ್ಣಬೇಕು. ಸಾರು ಎಂದು ಕೊಡುವುದರಲ್ಲಿ ಬಹುಮಟ್ಟಿಗೆ ಒಣಮೀನಿನ ರಸ ಸೇರಿರುತ್ತದೆ. ಬಟ್ಟಲಿನಲ್ಲಿ ಮೀನು ಕಾಣಿಸುವುದಿಲ್ಲ, ಅದೇ ಕಷ್ಟ. ವಿಯೆಟ್ನಾಮಿನಲ್ಲಿಯೂ ಮೀನಿನ ದ್ರವವಿಲ್ಲದೆ ಸಾಮಾನ್ಯ ಅಡುಗೆ ನಡೆಯದು.

ಆದರೆ ಅದೇ ನಾಡುಗಳಲ್ಲಿ ನೆರವೂ ಉಂಟು. ವಿಯೆಟ್ನಾಮಿನ ಬೌದ್ಧರಲ್ಲಿ ಅನೇಕರು ಚಾಂದ್ರಮಾಸದ ಮೊದಲನೆಯ ಮತ್ತು ಹದಿನೈದನೆಯ ದಿನ ಸಸ್ಯಾಹಾರ ನಡೆಸುತ್ತಾರೆ. ಆ ಆಹಾರಕ್ಕೆ ‘ಚಾಯ್’ ಎಂದು ಹೆಸರು. ಜಪಾನಿನ ಬೌದ್ಧ ವಿಹಾರಗಳ ಶೋಜಿನ್ ಅಡುಗೆಯಲ್ಲಿ ಮೀನಿಲ್ಲ ಮಾತ್ರವಲ್ಲ, ನೀರುಳ್ಳಿ ಬೆಳ್ಳುಳ್ಳಿಗಳೂ ವರ್ಜ್ಯ. ಮೂಲಂಗಿ ಮುಂತಾದ ಗೆಡ್ಡೆಗಳನ್ನು ಮಾತ್ರ ಕೇಳಿ ಬಿಡಿಸಬೇಕು. ಕೋಬೆಯ ಕಿಟಾನೊ ಭಾಗದಲ್ಲಿ 1985ರಲ್ಲಿ ಕಟ್ಟಿದ ಮಹಾವೀರಸ್ವಾಮಿಯ ಶ್ವೇತಾಂಬರ ಮಂದಿರವಿದೆ. ಮುತ್ತಿನ ವ್ಯಾಪಾರಕ್ಕಾಗಿ ಅಲ್ಲಿ ನೆಲೆಸಿದ ಜೈನ ಕುಟುಂಬಗಳಿವೆ. ಇದನ್ನೆಲ್ಲ ಒಂದು ಕಿರುಪುಸ್ತಕದಲ್ಲಿ ಬರೆದು ಪೆಟ್ಟಿಗೆಗೆ ಹಾಕಿದರು.

ಚರ್ಮದ ಬೆಲ್ಟಿನ ಬದಲು ಬಟ್ಟೆಯ ಬೆಲ್ಟು; ಕ್ಯಾಪ್ಸೂಲುಗಳ ಹೊದಿಕೆ ಪ್ರಾಣಿಜನ್ಯವಾದ ಜೆಲಾಟಿನಿನದಾದುದರಿಂದ ವೈದ್ಯರನ್ನು ಕೇಳಿ ಬದಲಿಗೆ ಮಾತ್ರೆಗಳು; ನೀರು ಸೋಸಲು ದಪ್ಪ ಹತ್ತಿಬಟ್ಟೆ, ಜಪಮಾಲೆ. ಬೀಜ ಕತ್ತರಿಸಿ ನೋಡುವ ಕತ್ತರಿ ಮತ್ತು ಚಿಕ್ಕ ತಕ್ಕಡಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲವೆಂದು ಪೆಟ್ಟಿಗೆಯ ತಳಕ್ಕೆ ಸೇರಿಸಿದರು. ಒಂದು ಕಿಲೋ ಬೀಜ ಒಡೆದು, 80 ಕಿಲೋ ಚೀಲಕ್ಕೆ ಎಷ್ಟು ಪೌಂಡು ತಿರುಳೆಂದು ಲೆಕ್ಕ ಹಾಕುವುದೇ ಈ ವ್ಯಾಪಾರದ ಜೀವಾಳ. ಆ ಕೋಷ್ಟಕವನ್ನೂ ತಂದೆಯೇ ಬರೆದುಕೊಟ್ಟರು.

“ಸಂದೇಹ ಬಂದರೆ ಫೋನ್ ಮಾಡು ಮಗಾ, ದರ ನಾನು ಹೇಳುತ್ತೇನೆ” ಎಂದು ಹೇಳಿದವರು ಅಲ್ಲಿಯೇ ನಿಂತುಬಿಟ್ಟರು.

ಗಡಿಯೊಳಗೆ ಕುಳಿತು ಆಚೆಗೆ ಆಳನ್ನು ಕಳುಹಿಸುವುದು ಪ್ರೇಷ್ಯಪ್ರಯೋಗ. ಧ್ವನಿಯಿಂದ ಕೆಲಸ ಮಾಡಿಸುವುದು ಶಬ್ದಾನುಪಾತ. ರೂಪ ತೋರಿಸಿ ಮಾಡಿಸುವುದು ರೂಪಾನುಪಾತ. ದೂರವಾಣಿಯಾಗಲಿ, ಮುಖ ಕಾಣುವ ಈಗಿನ ಕರೆಯಾಗಲಿ ಇಲ್ಲದ ಕಾಲದಲ್ಲಿ ಸೂತ್ರಕಾರರು ಇವೆರಡನ್ನೂ ಬೇರೆಬೇರೆಯಾಗಿ ಹೇಳಿಟ್ಟಿದ್ದಾರೆ. ಇವು ದೇಶವ್ರತದ ಅತಿಚಾರಗಳೇ ಹೊರತು ದಿಗ್ವ್ರತದವಲ್ಲ ಎಂದು ವಾದಿಸಲು ಅವಕಾಶವುಂಟು. ವಾದ ಶಾಸ್ತ್ರೀಯವಾಗಿಯೂ ಸರಿ. ಆದರೆ ಅದೇ ಪಟ್ಟಿಯ ಮೊದಲನೆಯದಾದ ಆನಯನ, ಎಂದರೆ ಆಚೆಯಿಂದ ವಸ್ತುವನ್ನು ತರಿಸುವುದು, ಅವರನ್ನು ಆ ರಾತ್ರಿ ನಿದ್ರಿಸಗೊಡಲಿಲ್ಲ. 2006ರಿಂದ ಈಚೆಗೆ ಆಫ್ರಿಕದಿಂದ ಬಂದಿಳಿದ ಬೀಜದ ಲೆಕ್ಕ ಅವರ ಬಳಿಯೇ ಇತ್ತು. ಕಾಲನ್ನು ಗಡಿಯೊಳಗೆ ಇಟ್ಟುಕೊಂಡು ಲೋಭವನ್ನು ಮಾತ್ರ ಹಡಗು ಹತ್ತಿಸಿದ್ದಾಯಿತು.

ಮರುದಿನ ಅವರು ಲೆಕ್ಕಪರಿಶೋಧಕರಲ್ಲಿಗೆ ಹೋದರು. ಸಂಸ್ಥೆಯಲ್ಲಿ ಪಾಲುದಾರರು ಮೂವರು: ಅವರು, ಅವರ ತಮ್ಮ, ಮಗ. 1932ರ ಪಾಲುದಾರಿಕೆ ಕಾಯಿದೆಯ 32ನೆಯ ಕಲಮಿನಂತೆ ಇತರರ ಸಮ್ಮತಿಯಿಂದ ಒಬ್ಬರು ನಿವೃತ್ತರಾಗಬಹುದು. ಇಬ್ಬರು ಉಳಿಯುವುದರಿಂದ ಸಂಸ್ಥೆಗೆ ಬಾಧೆಯಿಲ್ಲ. ಪತ್ರಕ್ಕೆ ಸಹಿಯಾಯಿತು. ತಮ್ಮ ಮಾತ್ರ ನೊಂದು, “ಅಣ್ಣಾ, ಗಿರಾಕಿಗಳು ನಂಬಿದ್ದು ನಿಮ್ಮನ್ನಲ್ಲವೇ?” ಎಂದರು. ಬಂಡವಾಳವನ್ನು ಒಮ್ಮೆಗೇ ಹಿಂತೆಗೆದರೆ ಕಾರ್ಖಾನೆ ನಿಲ್ಲುವುದರಿಂದ ಅದು ಎರಡು ವರ್ಷಗಳ ಮಟ್ಟಿಗೆ ಸಾಲವಾಗಿ ಉಳಿಯಿತು. ಬಡ್ಡಿ ಬರುವುದೂ ಅದೇ ವ್ಯಾಪಾರದಿಂದಲ್ಲವೇ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. ಇದನ್ನು ಪೂರ್ಣ ತ್ಯಾಗವೆಂದು ಹೊಗಳುವುದು ಅತಿಯಾದೀತು. ಆದರೆ ಮಗನು ಇನ್ನು ತನ್ನ ಪರವಾಗಿ ತಾನೇ ಹೋಗುತ್ತಾನೆ.

ಹೊರಡುವ ಮುನ್ನಾದಿನ ಪೆಟ್ಟಿಗೆಯನ್ನು ತೂಗಿದಾಗ ನಿಗದಿಯಾದ 23 ಕಿಲೋಗಿಂತ 400 ಗ್ರಾಂ ಹೆಚ್ಚಿತ್ತು. ತಾಯಿ ತುಪ್ಪದ ಡಬ್ಬಿಯನ್ನು ತೆಗೆಯಲು ಒಪ್ಪಲಿಲ್ಲ. ಒಂದು ಜೊತೆ ಬಟ್ಟೆಯನ್ನು ಮಗನೇ ತೆಗೆದಿಟ್ಟ. ಎಲ್ಲರೂ ಮಲಗಿದ ಮೇಲೆ ತಂದೆ ದೀಪ ಹಾಕಿ, ಪೆಟ್ಟಿಗೆಯ ಒಳಜೇಬಿನಿಂದ ಮಡಿಸಿದ ಒಂದು ಹಾಳೆಯನ್ನು ಹೊರತೆಗೆದರು. ಯಾವ ತರದ ಬೀಜಕ್ಕೆ ಯಾವ ದರ ಮೀರಬಾರದೆಂದು ಅವರು ಮೂರು ದಿನ ಹಿಂದೆ ಬರೆದು, ಯಾರಿಗೂ ಹೇಳದೆ ಅಲ್ಲಿಟ್ಟಿದ್ದರು. ಅದಕ್ಕೆ ತೂಕವೇನೂ ಇರಲಿಲ್ಲ.